ಭಾವ ನಮ್ಮ ಬೀದಿಯನ್ನು ತೆಗೆದದ್ದು

ನಮ್ಮ ಭಾವನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರದ ವಿದ್ಯೆಗೆ ಕೈ ಹಾಕಿದರೆ ಏನಾಗುತ್ತದೆ ಎನ್ನುವುದನ್ನು ನೋಡಬೇಕಾದರೆ ನಮ್ಮ ಬೀದಿಗೆ ಬರಬೇಕು. ಇಲ್ಲಿ ಯಾವ ಮನೆಗೂ ಮೆಟ್ಟಿಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಗರಸಭೆಯ ಟಪಾಲು ವಿಭಾಗದಲ್ಲಿ ಗುಮಾಸ್ತರು. ಬಂದ ಕಾಗದದ ಮೇಲೆ ‘ಬಂದಿದೆ’ ಅಂತ ಒಂದು ಸೀಲು, ಹೋಗುವ ಕಾಗದದ ಮೇಲೆ ‘ಹೋಗಿದೆ’ ಅಂತ ಇನ್ನೊಂದು ಸೀಲು. ಈ ಎರಡು ಸೀಲುಗಳ ನಡುವೆ ಅವರ ಯೌವನವೂ ಹೋಯಿತು. ಅದರ ಮೇಲೆ ಮಾತ್ರ ಯಾರೂ ಸೀಲು ಹೊಡೆಯಲಿಲ್ಲ. ನಾನು ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಇದ್ದುಕೊಂಡು, ಅಕ್ಕ ಬಡಿಸಿದ್ದನ್ನು ಉಂಡುಕೊಂಡು, ಇಬ್ಬರ ಪಕ್ಷವನ್ನೂ ವಹಿಸದೆ ಬದುಕುತ್ತಿರುವವನು. ಹಾಗಾಗಿ ನನ್ನ ಮಾತನ್ನು ನಂಬಬಹುದು.

ಒಂದು ಶನಿವಾರ ಮಧ್ಯಾಹ್ನ ಭಾವ ಗಡಿಯಾರಕ್ಕೆ ಪಟ್ಟಿ ಹಾಕಿಸಲು ಹೋದರು. ಹಳೇ ರೇಡಿಯೋ, ಹಳೇ ಟೈಪ್‌ರೈಟರು, ಒಡೆದ ದೀಪ, ಎಲ್ಲವನ್ನೂ ರಾಶಿ ಹಾಕಿಕೊಂಡು ಕೂತ ಅಂಗಡಿ ಅದು. ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಅದರ ಮುಖದಲ್ಲಿ ಒಂದರ ಮೇಲೊಂದು ಎರಡು ಗಾಜಿನ ಕಣ್ಣು. ಭಾವ ಅದನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯವನು ಮೇಲಿನ ಮುಚ್ಚಳ ಎತ್ತಿದ. ನಾಲ್ಕು ತಗಡಿನ ಎಸಳು ಹೂವಿನ ಹಾಗೆ ಎದ್ದು ನಿಂತವು.

“ಬಗ್ಗಿ ನೋಡಿ ಸ್ವಾಮಿ,” ಎಂದ.

ಭಾವ ಬಗ್ಗಿದರು. ಒಳಗೆ ಒಂದು ಪುಟ್ಟ ಬಾವಿ, ಬಾವಿಯ ತಳದಲ್ಲಿ ಚೌಕದ ಮಸುಕು ಗಾಜು. ಆ ಗಾಜಿನಲ್ಲಿ ಎದುರಿನ ರಸ್ತೆ ಇತ್ತು. ಬರಿಗಣ್ಣಿಗೆ ಧೂಳು ಹಿಡಿದು ಕಾಣುವ ಅದೇ ರಸ್ತೆ, ಯಾರೋ ಈಗಷ್ಟೇ ತೊಳೆದು ಬಿಸಿಲಿಗಿಟ್ಟ ಹಾಗೆ. ಒಬ್ಬ ಸೈಕಲ್ಲಿನವನು ಹೋದ, ಅವನ ಚಕ್ರದ ಕಡ್ಡಿಗಳೆಲ್ಲ ಹೊಳೆದವು. ಆದರೆ ಎಡಕ್ಕೆ ಹೋಗಬೇಕಾದವನು ಗಾಜಿನಲ್ಲಿ ಬಲಕ್ಕೆ ಹೋದ. ಭಾವ ತಲೆ ಎತ್ತಿ ನೋಡಿದರು, ರಸ್ತೆ ಎಂದಿನಂತೆ ಹಾಳಾಗಿಯೇ ಇತ್ತು. ಮತ್ತೆ ಬಗ್ಗಿದರು. ಎಷ್ಟು ಹೊತ್ತು ಬಗ್ಗಿದ್ದರೋ ಅವರಿಗೂ ಗೊತ್ತಿಲ್ಲ. ಗಡಿಯಾರ ಅಂಗಡಿಯವನ ಕೈಯಲ್ಲಿತ್ತು.

“ಮೇಲಿನ ಕಣ್ಣು ನಿಮಗೆ ನೋಡೋಕೆ. ಕೆಳಗಿನದು ಫಿಲ್ಮಿಗೆ,” ಎಂದ ಅಂಗಡಿಯವನು. “ಇದೇ ಥರದ್ದು ಜರ್ಮನಿಯವರದ್ದೂ ಇದೆ. ಅದನ್ನ ಕೊಂಡೋರು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಡ್ತಾರೆ. ಇದು ಜಪಾನಿಂದು. ನಿಮ್ಮಂಥೋರು ಕೊಂಡು ಫೋಟೋ ತೆಗೀಲಿ ಅಂತಲೇ ಮಾಡಿದ್ದು. ಅಗ್ಗ, ಆದರೆ ಕೆಲಸಕ್ಕೆ ಮೋಸ ಇಲ್ಲ.”

ಭಾವನ ಜೀವಮಾನದಲ್ಲಿ ಅವರಿಗಾಗಿಯೇ ಅಂತ ಯಾರೂ ಏನನ್ನೂ ಮಾಡಿರಲಿಲ್ಲ. ಸಮುದ್ರದಾಚೆ ಯಾರೋ ಒಬ್ಬರು, ಇವರು ಹುಟ್ಟುವ ಮೊದಲೇ, ಇವರನ್ನು ನೆನೆದು ಇಷ್ಟು ಚೆಂದದ ಪೆಟ್ಟಿಗೆ ಮಾಡಿಟ್ಟಿದ್ದಾರೆ ಅಂದ ಮೇಲೆ ಬಿಟ್ಟು ಬರುವುದು ಹೇಗೆ? ಗಡಿಯಾರವನ್ನು ಅಲ್ಲೇ ಮರೆತು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು.

ಬರುವ ದಾರಿಯಲ್ಲಿ ಅವರಿಗೆ ಅಕ್ಕನ ನೆನಪಾಯಿತು. ನಮ್ಮ ಮನೆಯಲ್ಲಿ ಆಗಲೇ ಉಸಿರಿಲ್ಲದ ಒಂದು ಹಾರ್ಮೋನಿಯಂ ಇತ್ತು. ದುರ್ಬೀನಿಲ್ಲದ ದುರ್ಬೀನು ಸ್ಟ್ಯಾಂಡೂ ಇತ್ತು. ಇನ್ನೊಂದು ಹಳೇ ಸಾಮಾನು ಹೊಸ್ತಿಲು ದಾಟಿದರೆ ಒಂದೋ ಅದು ಇರಬೇಕು, ಇಲ್ಲ ತಾನಿರಬೇಕು ಎಂದು ಅಕ್ಕ ಎಚ್ಚರಿಸಿದ್ದಳು.

ಬಾಗಿಲಲ್ಲೇ ಸಿಕ್ಕಳು. “ಏನ್ರೀ ಅದು?”

“ಇದಾ?” ಎಂದರು ಭಾವ. “ಇದು… ಆಫೀಸಿಂದು.”

“ಆಫೀಸಲ್ಲಿ ನಿಮಗೆ ಸೀಲು ಬಿಟ್ಟು ಇನ್ನೇನು ಕೊಡ್ತಾರೆ?”

“ಹೊಸ ಕೆಲಸ ವಹಿಸಿದಾರೆ. ಹೊರಗಿನ ಕೆಲಸ.”

ಅಕ್ಕನ ಮುಖ ಅರಳಿದ್ದನ್ನು ನಾನು ಮಹಡಿ ಮೆಟ್ಟಿಲ ಮೇಲೆ ನಿಂತು ಕಂಡೆ. ಗಂಡನಿಗೆ ಟಪಾಲು ಕೋಣೆಯಿಂದ ಬಿಡುಗಡೆ ಸಿಗಲಿ ಎಂದು ಆಕೆ ಕಾದು ಕಾದು ಸುಸ್ತಾಗಿದ್ದಳು. ಆ ಮುಖ ನೋಡಿದ ಮೇಲೆ ನಿಜ ಹೇಳುವ ಧೈರ್ಯ ಭಾವನಿಗೂ ಬರಲಿಲ್ಲ, ಪೆಟ್ಟಿಗೆಯ ಗುರುತು ಹಿಡಿದಿದ್ದ ನನಗೂ ಬರಲಿಲ್ಲ. ಸಂಜೆಯ ಹೊತ್ತಿಗೆ ಅಕ್ಕ ಅಕ್ಕಪಕ್ಕದವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. “ನಮ್ಮನೆಯವರಿಗೆ ಹೊರಗಿನ ಕೆಲಸ ಕೊಟ್ಟಿದಾರೆ. ಯಂತ್ರ ಸಮೇತ.”

ಇನ್ನು ನಮ್ಮ ಬೀದಿಯ ವಿಷಯ ಹೇಳಬೇಕು. ಹಿಂದೆ ಅದು ಅಗಲವಾಗಿಯೇ ಇತ್ತಂತೆ. ಬೀದಿ ಯಾರಪ್ಪನ ಆಸ್ತಿಯೂ ಅಲ್ಲ ಎಂಬ ಕಾರಣಕ್ಕೆ ಪ್ರತಿಯೊಬ್ಬರೂ ಮನೆ ರಿಪೇರಿ ಮಾಡಿಸುವಾಗ ಒಂದೊಂದು ಮೊಳ ಮುಂದೆ ಬಂದಿದ್ದರು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಅರ್ಧಚಂದ್ರದ ಆಕಾರದ ದೊಡ್ಡ ಮೆಟ್ಟಿಲು ಕಟ್ಟಿಸಿ, ಬೆಳಗ್ಗೆ ಸಂಜೆ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರ ಪಕ್ಕದ ದರ್ಜಿ ಅಂಗಡಿಯ ಮುಂದೆ ಹಲಗೆ ಹಾಕಿ, ಹಲಗೆಯ ಮೇಲೆ ಹೊಲಿಗೆ ಯಂತ್ರ ಇಟ್ಟಿದ್ದ. ನಮ್ಮ ಮನೆಯ ಮೆಟ್ಟಿಲೂ ಏನೂ ಕಡಿಮೆ ಇರಲಿಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಯಾರದಾದರೂ ಮೆಟ್ಟಿಲು ಹತ್ತಿ ದಾರಿ ಬಿಡಬೇಕಾಗಿತ್ತು. ಇದರಿಂದ ಸ್ನೇಹ ಬೆಳೆಯುತ್ತದೆ ಎಂದು ಹೆಡ್‌ಮಾಸ್ತರು ಹೇಳುತ್ತಿದ್ದರು.

ಭಾನುವಾರ ಬೆಳಗ್ಗೆ ಭಾವ ದುರ್ಬೀನು ಸ್ಟ್ಯಾಂಡನ್ನು ಬೀದಿಯ ನಡುವೆ ನಿಲ್ಲಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ, ತಲೆ ಬಗ್ಗಿಸಿದರು. ಬಲಕ್ಕೆ ಸರಿಸಬೇಕೆಂದರೆ ಚಿತ್ರ ಎಡಕ್ಕೆ ಓಡುತ್ತದೆ, ಎಡಕ್ಕೆ ಎಂದರೆ ಬಲಕ್ಕೆ. ಆ ತೊಳಲಾಟದಲ್ಲಿ ಅವರು ಸ್ಟ್ಯಾಂಡಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಬೆಳಕಿನ ಲೆಕ್ಕವನ್ನು ಅಂಗಡಿಯವನು ಬಾಯಿಪಾಠ ಮಾಡಿಸಿದ್ದ. ಅದನ್ನು ಮರೆಯಬಾರದೆಂದು ಜೋರಾಗಿಯೇ ಹೇಳಿಕೊಳ್ಳುತ್ತಿದ್ದರು. “ಹದಿನಾರು. ಅಲ್ಲ, ನೆರಳಿದೆ, ಹನ್ನೊಂದು. ಇಲ್ಲಿ ಎಂಟು.” ಪಕ್ಕದ ತಿರುಪು ತಿರುಗಿಸುತ್ತ, “ಹತ್ತು ಅಡಿ ಸಾಲದು. ಇನ್ನೂ ಹಿಂದೆ ಹೋಗಬೇಕು,” ಎಂದರು.

ಹೆಡ್‌ಮಾಸ್ತರು ಓದುತ್ತಿದ್ದ ಪೇಪರು ಮಡಿಸಿದರು. “ಏನಪ್ಪಾ, ಏನು ನಡೀತಿದೆ?”

ಭಾವ ತಲೆ ಎತ್ತಲಿಲ್ಲ. “ಸಾರ್, ನಿಮ್ಮ ಮೆಟ್ಟಿಲು ಅಡ್ಡ ಬರ್ತಾ ಇದೆ.”

“ನನ್ನ ಮೆಟ್ಟಿಲಾ?”

“ಹೂಂ. ಅದೊಂದು ಇಲ್ಲದೇ ಇದ್ರೆ ಬೀದಿ ಕೊನೇವರೆಗೂ ನೇರವಾಗಿ ಸಿಗ್ತಿತ್ತು.”

ಹೆಡ್‌ಮಾಸ್ತರು ಕುರ್ಚಿಯಿಂದ ಎದ್ದು, ಮೆಟ್ಟಿಲಿನಿಂದ ಇಳಿದು, ಅದನ್ನು ಹೊಸದಾಗಿ ನೋಡುವವರಂತೆ ನೋಡಿದರು. ಗೊತ್ತಿಲ್ಲದ ವಿಷಯ ಎಂಬುದು ಅವರ ಜೀವನದಲ್ಲಿ ಇರಲಿಲ್ಲ. ಹತ್ತು ನಿಮಿಷದೊಳಗೆ ದರ್ಜಿಯ ಅಂಗಡಿಯಲ್ಲಿ ನಾಲ್ಕು ಜನ ಸೇರಿಸಿ ಪಾಠ ಶುರು ಮಾಡಿದ್ದರು. ನಾನು ಗುಂಡಿ ಹಾಕಿಸಲು ಹೋದವನು ಅದನ್ನು ಪೂರ್ತಿ ಕೇಳಿದೆ.

“ರಸ್ತೆ ಅಗಲ ಮಾಡೋ ಸರ್ವೆ ಅದು. ಮೇಲಿನ ಕಣ್ಣು ಉದ್ದ ಅಳೆಯುತ್ತೆ, ಕೆಳಗಿನದು ಅಗಲ. ತಲೆ ಬಗ್ಗಿಸಿ ನೋಡೋದು ಯಾಕೆ ಗೊತ್ತಾ? ಜನರ ಮುಖ ನೋಡಿ ಮಾಡೋ ಕೆಲಸ ಅಲ್ಲ ಅದು. ಮುಖ ನೋಡಿದ್ರೆ ದಾಕ್ಷಿಣ್ಯ ಬರುತ್ತೆ.”

ನಾಲ್ವರೂ ಬಾಗಿಲಿನಿಂದ ಇಣುಕಿ ದಾಕ್ಷಿಣ್ಯವಿಲ್ಲದ ನನ್ನ ಭಾವನನ್ನು ನೋಡಿದರು. ನಿನ್ನೆಯವರೆಗೂ ಆತ ದಾರಿ ಬಿಡಲು ಎಲ್ಲರ ಮೆಟ್ಟಿಲನ್ನೂ ಹತ್ತುತ್ತಿದ್ದ ಮನುಷ್ಯ.

ನಾನು ನಿಜ ಹೇಳಬಹುದಾಗಿತ್ತು. ಆದರೆ ಹೆಡ್‌ಮಾಸ್ತರು ಪಾಠ ಮಾಡುವಾಗ ನಡುವೆ ಬಾಯಿ ಹಾಕಿದವರಿಗೆ ಏನಾಗುತ್ತದೆಂದು ಊರಿಗೇ ಗೊತ್ತು.

ಅವತ್ತು ಭಾವನಿಗೆ ಐದು ಮನೆಯಿಂದ ಚಹಾ ಬಂತು. ಹೊಸ ಹವ್ಯಾಸವನ್ನು ಜನ ಇಷ್ಟು ಪ್ರೀತಿಯಿಂದ ಕಾಣುತ್ತಾರೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಕಣ್ಣಂಚು ಒದ್ದೆ ಮಾಡಿಕೊಂಡು ಐದನ್ನೂ ಕುಡಿದರು. ಸಂಜೆ ದರ್ಜಿ ಕೊರಳಿನ ಟೇಪು ತಿರುವುತ್ತ ಹತ್ತಿರ ಬಂದ.

“ಅಣ್ಣಾ, ನಮ್ಮ ಅಂಗಡಿ ಕಥೆ ಏನು?”

“ನಿಮ್ಮ ಅಂಗಡೀನ ಬಿಡ್ತೀನಾ?” ಎಂದರು ಭಾವ ಅಕ್ಕರೆಯಿಂದ. “ಖಂಡಿತ ತೆಗೀತೀನಿ.”

“ಪೂರ್ತಿನಾ?”

“ಬೋರ್ಡಿನ ಸಮೇತ. ಇವತ್ತು ಬೆಳಕು ಹೋಯ್ತು. ನಾಳೆ ಸಂಜೆ ಆಫೀಸಿಂದ ಬಂದವನೇ ಮೊದಲು ನಿಮ್ಮದೇ.”

ದರ್ಜಿ ಟೇಪು ತಿರುವುವುದನ್ನು ನಿಲ್ಲಿಸಿದ. “ಅಣ್ಣಾ, ಹೆಂಡತಿ ಮಕ್ಕಳು ಇದಾರೆ.”

“ಅವರನ್ನೂ ಕರೀರಿ. ಎಲ್ಲರನ್ನೂ ಒಟ್ಟಿಗೆ ತೆಗೆದುಬಿಡೋಣ. ಒಂದು ಕ್ಷಣದ ಕೆಲಸ, ಗೊತ್ತೂ ಆಗಲ್ಲ.”

ಇಷ್ಟು ಸೌಮ್ಯವಾಗಿ ಇಷ್ಟು ಕ್ರೂರವಾದ ಮಾತನ್ನು ಆಡುವ ಅಧಿಕಾರಿಯನ್ನು ತಾನು ಕಂಡಿಲ್ಲ ಎಂದು ದರ್ಜಿ ಆಮೇಲೆ ಎಲ್ಲರ ಹತ್ತಿರ ಹೇಳಿಕೊಂಡನಂತೆ.

ಸೋಮವಾರ ಭಾವ ಪೆಟ್ಟಿಗೆಯನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋದರು. ಆಫೀಸಿನ ಸಾಮಾನು ಆಫೀಸಿಗೆ ಹೋಗಲೇಬೇಕಲ್ಲ. ಒಂದು ಸುಳ್ಳಿಗೆ ಎಷ್ಟು ಚಾಕರಿ ಮಾಡಬೇಕು ಎನ್ನುವುದು ಅವರಿಗೆ ಆಗಷ್ಟೇ ತಿಳಿಯತೊಡಗಿತ್ತು. ಸಂಜೆ ಬಸ್ಸಿಳಿದಾಗ ನಾನೂ ಜೊತೆಗಿದ್ದೆ. ತಿರುವಿನಲ್ಲಿ ಇಬ್ಬರೂ ನಿಂತುಬಿಟ್ಟೆವು.

ನಮ್ಮ ಬೀದಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಬೇರೆ ಯಾವುದೋ ಅಗಲವಾದ ಬೀದಿ ಇತ್ತು. ಧೂಳು ಮೋಡದ ಹಾಗೆ ಎದ್ದಿತ್ತು, ಮುಳುಗುವ ಸೂರ್ಯ ಅದರ ಮೇಲೆ ಬಿದ್ದು ಗಾಳಿಯೆಲ್ಲ ಬಂಗಾರವಾಗಿತ್ತು. ಆ ಬಂಗಾರದ ನಡುವೆ ಹೆಡ್‌ಮಾಸ್ತರು ತಲೆಗೆ ಟವೆಲು ಸುತ್ತಿಕೊಂಡು ಹಾರೆ ಹಿಡಿದು ನಿಂತಿದ್ದರು. ಅರ್ಧಚಂದ್ರ ಚೂರುಚೂರಾಗಿ ಅವರ ಕಾಲ ಬಳಿ ಬಿದ್ದಿತ್ತು. ದರ್ಜಿಯ ಹಲಗೆ ಹೋಗಿತ್ತು. ಮೆಟ್ಟಿಲು, ಕಟ್ಟೆ, ಹೂಕುಂಡದ ಗೂಡು, ಒಂದೂ ಉಳಿದಿರಲಿಲ್ಲ. ನಾವಾಗಿಯೇ ಒಡೆದರೆ ಮೆಟ್ಟಿಲು ಹೋಗುತ್ತದೆ, ಅವರು ಬಂದು ಒಡೆದರೆ ಹಜಾರವೂ ಹೋಗುತ್ತದೆ ಎಂದು ಹೆಡ್‌ಮಾಸ್ತರು ಬೆಳಗ್ಗೆಯೇ ತೀರ್ಪು ಕೊಟ್ಟು, ಮೊದಲ ಏಟನ್ನು ತಾವೇ ಹಾಕಿದ್ದರು.

“ಏನೋ ಚರಂಡಿ ಕೆಲಸ ಇರಬೇಕು,” ಎಂದರು ಭಾವ. ಅವರ ಧ್ಯಾನವೆಲ್ಲ ಬೆಳಕಿನ ಮೇಲಿತ್ತು. ಪೆಟ್ಟಿಗೆ ತೆರೆದು ಬಗ್ಗಿ ನೋಡಿದರು. ಅವರ ಉಸಿರು ನಿಂತದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. “ಭಾಮೈದಾ, ನೋಡೋ ಇಲ್ಲಿ.” ನಾನೂ ಬಗ್ಗಿದೆ. ಆ ಗಾಜಿನ ಮೇಲೆ ಬೀದಿ ತುದಿಯವರೆಗೂ ಉದ್ದಕ್ಕೆ ಮಲಗಿತ್ತು. ಧೂಳಿನ ಒಂದೊಂದು ಕಣವೂ ಬೆಳಗುತ್ತ, ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಹಾರೆ ಹಿಡಿದ ಹೆಡ್‌ಮಾಸ್ತರು ಯಾವುದೋ ಕಾಲದ ರಾಜನ ಹಾಗೆ ಕಂಡರು. ಹುಟ್ಟಿದಾಗಿನಿಂದ ಎರಡು ಕಣ್ಣಿಟ್ಟುಕೊಂಡು ನಾನು ಇಷ್ಟು ದಿನ ಏನು ನೋಡುತ್ತಿದ್ದೆ ಅನ್ನಿಸಿತು.

ಭಾವ ಗುಂಡಿ ಒತ್ತಿದರು. ಚಿಟಿಕೆ ಹೊಡೆದಷ್ಟು ಸಣ್ಣ ಸದ್ದು.

ಹೆಡ್‌ಮಾಸ್ತರು ಬೆವರು ಒರೆಸಿಕೊಂಡರು. “ಈಗ ಅಡ್ಡ ಬರುತ್ತಾ?”

“ಇಲ್ಲ ಸಾರ್. ಈಗ ನೋಡೋಕೆ ಎರಡು ಕಣ್ಣು ಸಾಲದು.”

“ಎರಡೂ ಕಣ್ಣಿಗೆ ಒಪ್ಪಿಗೆಯಂತೆ,” ಎಂದು ಹೆಡ್‌ಮಾಸ್ತರು ಎಲ್ಲರಿಗೂ ಸಾರಿದರು.

ಭಾವ ಗಾಜಿನಿಂದ ಕಣ್ಣು ಕೀಳದೆ ಹಾಗೇ ಮನೆ ಕಡೆ ನಡೆದರು. ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕಾಲಿಟ್ಟರು. ಮೆಟ್ಟಿಲು ಇರಲಿಲ್ಲ. ಮಂಡಿ ಹೊಸ್ತಿಲಿಗೆ ಬಡಿಯಿತು, ಎದೆ ನೆಲಕ್ಕೆ ಬಡಿಯಿತು. ಪೆಟ್ಟಿಗೆ ಮಾತ್ರ ಹೊಳೆಯಲ್ಲಿ ಕೊಚ್ಚಿಹೋಗುವವರು ಕೂಸನ್ನು ಎತ್ತಿ ಹಿಡಿದ ಹಾಗೆ ಎರಡು ಕೈಯಲ್ಲಿ ಮೇಲೆಯೇ ಇತ್ತು.

ಅಕ್ಕ ಓಡಿ ಬಂದಳು. “ಅಯ್ಯೋ, ಹೇಳೋದು ಮರೆತೆ ರೀ. ನಮ್ಮದನ್ನೂ ಬೆಳಗ್ಗೆಯೇ ಒಡೆಸಿದೆ. ಇಡೀ ಬೀದಿದು ತೆಗೆಸೋರ ಮನೆ ಮೆಟ್ಟಿಲು ಹಾಗೇ ಇದ್ರೆ ಜನ ಆಡಿಕೊಳ್ಳಲ್ವಾ?”

ಭಾವ ಮಲಗಿದ್ದಲ್ಲಿಂದಲೇ ತಲೆ ತಿರುಗಿಸಿ ಬೀದಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಆಗ ಅವರಿಗೆ ಎಲ್ಲವೂ ಅರ್ಥವಾಯಿತು, ಐದು ಚಹಾ ಸಮೇತ.

ಅಡುಗೆಮನೆಯಲ್ಲಿ ಅಕ್ಕ ಅವರ ಮಂಡಿಗೆ ಔಷಧಿ ಹಚ್ಚುತ್ತಿರುವಾಗ ಭಾವ ನಿಜ ಹೇಳಿದರು. ಅಕ್ಕನ ಕೈ ನಿಂತಿತು. ಹೊಸ ಕೆಲಸವೂ ಇಲ್ಲ, ಹೊರಗಿನ ಕೆಲಸವೂ ಇಲ್ಲ, ಮೆಟ್ಟಿಲೂ ಇಲ್ಲ. ಅಕ್ಕ ಅಳಬಹುದು ಎಂದುಕೊಂಡೆ, ಕೂಗಾಡಬಹುದು ಎಂದುಕೊಂಡೆ. ಅವಳು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

“ಇದಕ್ಕೋಸ್ಕರ ನನ್ನ ಹತ್ತಿರ ಸುಳ್ಳು ಹೇಳಿದ್ರಾ? ಏನಿದೆ ಇದರಲ್ಲಿ?”

ಭಾವ ಮುಚ್ಚಳ ತೆರೆದುಕೊಟ್ಟರು. ಅಕ್ಕ ಬಗ್ಗಿದಳು. ದೀಪದ ಕೆಳಗೆ ಕೂತಿದ್ದ ಭಾವ ಗಾಜಿನಲ್ಲಿ ಕಂಡಿರಬೇಕು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ನಮ್ಮ ಅಕ್ಕನ ಕಣ್ಣೆದುರು ಹಾಲು ಉಕ್ಕಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

“ಕಿವಿ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ ನಿಮಗೆ,” ಎಂದಳು ಕೊನೆಗೆ, ತಲೆ ಎತ್ತದೆಯೇ. “ಯಾವಾಗ ಆಯ್ತು?” ಆಮೇಲೆ ಎದ್ದು ಒಲೆ ಆರಿಸಿ ಹೇಳಿದಳು, “ಬೆಳಗ್ಗೆ ಎದ್ದು ಎಲ್ಲರಿಗೂ ನಿಜ ಹೇಳಿಬಿಡಿ. ಹೊಡೆದರೆ ಹೊಡೀಲಿ, ನಾನೂ ಬರ್ತೀನಿ.”

ಬೆಳಗ್ಗೆ ನಾವು ಹೊರಗೆ ಬರುವಷ್ಟರಲ್ಲಿ ಬೀದಿಯೊಳಗೆ ಜೀಪು ಬಂದಿತ್ತು. ಜೀಪು ಹಿಡಿಸುವಷ್ಟು ಜಾಗ ಇದ್ದದ್ದೇ ಒಂದು ಪವಾಡ, ಜನ ಅದನ್ನು ನೋಡಲೆಂದೇ ಹೊರಗೆ ಬಂದಿದ್ದರು. ಸುದ್ದಿ ಕೇಳಿ ಬಂದು ಇಳಿದವರು ನಗರಸಭೆಯ ಇಂಜಿನಿಯರು. ಈ ಬೀದಿಯ ಒತ್ತುವರಿ ಬಿಡಿಸಲು ಬಂದು ಹೆಡ್‌ಮಾಸ್ತರ ಭಾಷಣ ಕೇಳಿ ವಾಪಸ್ಸು ಹೋಗುವುದು ಅವರ ಸೇವಾವಧಿಯ ಒಂದು ಭಾಗವೇ ಆಗಿತ್ತು. ಇವತ್ತು ಅವರು ನಡುಬೀದಿಯಲ್ಲಿ ನಿಂತು ಎರಡೂ ಕೈ ಚಾಚಿದರು. ಯಾವ ಗೋಡೆಯೂ ತಾಗಲಿಲ್ಲ.

“ಸರ್ವೆ ಮಾಡಿದ್ದು ಯಾರು?” ಎಂದರು. “ನನಗೇ ಗೊತ್ತಿಲ್ಲದೆ ನನ್ನ ಇಲಾಖೆಯಲ್ಲಿ ಸರ್ವೆ ಮಾಡಿದ್ದು ಯಾರು?”

ಎಲ್ಲರೂ ಭಾವನ ಕಡೆ ಕೈ ತೋರಿಸಿದರು. ಭಾವ ಕುಂಟುತ್ತ ಮುಂದೆ ಬಂದರು. ಕೊರಳಲ್ಲಿ ಪೆಟ್ಟಿಗೆ ನೇತಾಡುತ್ತಿತ್ತು.

“ನೀನು ಟಪಾಲಿನವನಲ್ವಾ?”

“ಹೌದು ಸಾರ್. ಇದು ಸರ್ವೆ ಯಂತ್ರ ಅಲ್ಲ ಸಾರ್. ಕ್ಯಾಮೆರಾ. ಹಳೇದು, ಜಪಾನಿಂದು. ನನ್ನ ಸ್ವಂತದ್ದು. ನಾನು ಫೋಟೋ ತೆಗೀತಿದ್ದೆ, ಅಷ್ಟೇ.”

ದರ್ಜಿ ತನ್ನ ಹಲಗೆ ಇದ್ದ ಜಾಗವನ್ನು ನೋಡಿದ. ಹೆಡ್‌ಮಾಸ್ತರು ತಮ್ಮ ಮಾಜಿ ಮೆಟ್ಟಿಲನ್ನು ನೋಡಿದರು. ಅವರ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು.

“ಕ್ಯಾಮೆರಾಕ್ಕೆ ಎರಡು ಕಣ್ಣು ಯಾಕೆ?”

“ಒಂದು ನೋಡೋಕೆ ಸಾರ್, ಒಂದು ತೆಗೆಯೋಕೆ.”

“ತೆಗೆದೆಯಲ್ಲಪ್ಪಾ,” ಎಂದರು ಹೆಡ್‌ಮಾಸ್ತರು. “ಚೆನ್ನಾಗಿ ತೆಗೆದೆ.” ಎಂದವರೇ ಹಾರೆ ಇಟ್ಟಿದ್ದ ಕಡೆ ಹೊರಟರು. ಹಾರೆ ಮೆಟ್ಟಿಲು ಒಡೆಯಲಿಕ್ಕಷ್ಟೇ ಇರುವುದಲ್ಲ ಎಂಬ ಯೋಚನೆ ನೆರೆದವರಿಗೆಲ್ಲ ಒಟ್ಟಿಗೆ ಬಂದಿತು. ಅಕ್ಕ ಬಂದು ಭಾವನ ಪಕ್ಕದಲ್ಲಿ ನಿಂತಳು. ನಾನು ಅಕ್ಕನ ಹಿಂದೆ ನಿಂತೆ.

ಆಗ ಬೀದಿಯ ತುದಿಯಿಂದ ಕಿರ್ರ್ ಎಂಬ ಸದ್ದು ಬಂತು.

ಎಲ್ಲರೂ ತಿರುಗಿದರು. ಕೊನೆಯ ಮನೆಯ ಬಾಗಿಲು ತೆರೆದಿತ್ತು. ಒಬ್ಬ ಹೆಂಗಸು ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಬರುತ್ತಿದ್ದಳು. ಅದರಲ್ಲಿ ಹಕ್ಕಿಯಷ್ಟು ಹಗುರವಾದ ಒಬ್ಬ ಮುದುಕಿ. ಊರಿನ ಪ್ರೈಮರಿ ಸ್ಕೂಲಿನಲ್ಲಿ ಅಕ್ಷರ ಕಲಿಸಿದ ಟೀಚರಮ್ಮ. ಸೊಂಟ ಮುರಿದು ಕುರ್ಚಿ ಹಿಡಿದ ಮೇಲೆ ಅವರು ಹೊರಗೆ ಬಂದಿರಲಿಲ್ಲ. ಬರಲು ದಾರಿ ಇರಲಿಲ್ಲ. ಆ ಕುರ್ಚಿ ನಮ್ಮ ಮೆಟ್ಟಿಲಿಗೂ ಹೆಡ್‌ಮಾಸ್ತರ ಮೆಟ್ಟಿಲಿಗೂ ನಡುವೆ ತೂರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರು ಇನ್ನೂ ಇದ್ದಾರೆ ಎನ್ನುವುದನ್ನೇ ನಾವು ಮರೆತಿದ್ದೆವು.

ಕುರ್ಚಿ ಬಂದು ಗುಂಪಿನ ನಡುವೆ ನಿಂತಿತು. ಟೀಚರಮ್ಮ ಆಕಾಶವನ್ನು ನೋಡಿದರು, ಬೀದಿಯ ಆ ಕೊನೆ ನೋಡಿದರು, ಈ ಕೊನೆ ನೋಡಿದರು.

“ದಾರಿ ಬಿಡಿಸಿದ್ದು ಯಾರು?”

ಅವರ ಕಣ್ಣು ಒಬ್ಬೊಬ್ಬರ ಮೇಲೂ ಹಾದು, ಹಾರೆ ಹಿಡಿದು ನಿಂತವರ ಮೇಲೆ ನಿಂತಿತು.

“ನೀನು ಬಳಪ ತಿನ್ತಿದ್ದೋನಲ್ವಾ?”

ಹೆಡ್‌ಮಾಸ್ತರು ಹಾರೆಯನ್ನು ಬೆನ್ನ ಹಿಂದೆ ಅಡಗಿಸಿದರು. “ಹೌದು ಟೀಚರ್.”

“ಈಗಲೂ ತಿಂತೀಯಾ?”

“ಇಲ್ಲ ಟೀಚರ್.”

“ದಾರಿ ಬಿಡಿಸಿದ್ದು ನೀನೇನಾ?”

ಹೆಡ್‌ಮಾಸ್ತರು ಭಾವನನ್ನು ನೋಡಿದರು, ಒಡೆದ ಮೆಟ್ಟಿಲನ್ನು ನೋಡಿದರು, ಮುದುಕಿಯ ಒದ್ದೆ ಕಣ್ಣನ್ನು ನೋಡಿದರು. ಅವರ ಎದೆಯೊಳಗೆ ಆದ ಯುದ್ಧ ನಮಗೆಲ್ಲ ಹೊರಗಿನಿಂದಲೇ ಕಾಣುತ್ತಿತ್ತು.

“ಹೌದು ಟೀಚರ್,” ಎಂದರು. “ಮೊದಲ ಏಟು ನಾನೇ ಹಾಕಿದ್ದು.”

“ಜಾಣ,” ಎಂದರು ಟೀಚರಮ್ಮ.

ಅಲ್ಲಿಗೆ ಮುಗಿಯಿತು. ಜಾಣ ಅನ್ನಿಸಿಕೊಂಡ ಮೇಲೆ ಮೆಟ್ಟಿಲು ವಾಪಸ್ಸು ಕೇಳುವುದು ಹೇಗೆ? “ಹಲಗೆ ನಾನೇ ತೆಗೆದೆ ಟೀಚರ್,” ಎಂದ ದರ್ಜಿ ಹಿಂದಿನಿಂದ. “ನಾವೂ ಟೀಚರ್,” ಎಂದಳು ನಮ್ಮ ಅಕ್ಕ. ಇಂಜಿನಿಯರು ಭಾವನ ಕಿವಿಯಲ್ಲಿ ಮೆಲ್ಲಗೆ ಹೇಳಿದರು, “ಜನರೇ ಮನಸಾರೆ ಬಿಟ್ಟುಕೊಟ್ಟರು, ನಾನು ಮನವೊಲಿಸಿದೆ ಅಂತ ಮೇಲಿನವರಿಗೆ ಬರೀತೀನಿ. ನೀನು ಸೀಲು ಹೊಡೆದು ಸುಮ್ಮನಿದ್ದುಬಿಡು.”

ಟೀಚರಮ್ಮನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. “ಏನಪ್ಪಾ ಅದು?”

ಭಾವ ಮಂಡಿ ನೋವು ನುಂಗಿಕೊಂಡು ಕುರ್ಚಿಯ ಪಕ್ಕ ಕೂತರು. ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟು ಮುಚ್ಚಳ ತೆರೆದರು. ಎದ್ದು ನಿಂತು ಕಣ್ಣಿಗೆ ಹಿಡಿಯಬೇಕಾದ ಕ್ಯಾಮೆರಾ ಅಲ್ಲ ಅದು. ಕೂತವರ ಮಡಿಲಲ್ಲಿ ಮಗುವಿನ ಹಾಗೆ ಕೂರುತ್ತದೆ. ಟೀಚರಮ್ಮ ಬಗ್ಗಿದರು. ನಾವೆಲ್ಲ, ಇಂಜಿನಿಯರೂ ಸೇರಿ, ಅವರ ಎದುರಿಗೆ ಸರಿದು ನಿಂತೆವು. ಗಾಜಿನ ಬೆಳಕು ಅವರ ಮುಖದ ಸುಕ್ಕುಗಳ ಮೇಲೆ ಬಿದ್ದು ಅಲುಗುತ್ತಿತ್ತು.

“ಎಲ್ಲಾ ತಿರುಗಾಮುರುಗಾ ಇದೆ,” ಎಂದರು. “ಆದರೆ ಎಲ್ಲರೂ ಇದೀರಿ.” ಆಮೇಲೆ ಕೇಳಿದರು, “ಇವರನ್ನ ಹೀಗೇ ಇಟ್ಟುಕೊಳ್ಳೋದು ಹೇಗೆ?”

ಭಾವ ಅವರ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟರು.

ಫಿಲ್ಮು ತೊಳೆಸಿದಾಗ ಭಾವ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪಾಗಿದ್ದವು. ಕೆಲವು ಒಂದರ ಮೇಲೊಂದು ಬಿದ್ದು ದರ್ಜಿ ಅರ್ಧಚಂದ್ರದ ಮೇಲೆ ತೇಲುತ್ತಿದ್ದ. ಟೀಚರಮ್ಮ ತೆಗೆದದ್ದು ಮಾತ್ರ ಸ್ವಲ್ಪ ವಾರೆಯಾಗಿ, ಕನ್ನಡಿಯಷ್ಟು ಸ್ವಚ್ಛವಾಗಿ ಬಂದಿತ್ತು. ಅದರಲ್ಲಿ ಇಡೀ ಬೀದಿ ಅವರನ್ನೇ ನೋಡುತ್ತಿದೆ. ಯಾರೂ ನಗಲು ಪ್ರಯತ್ನಿಸಿಲ್ಲ. ಹೆಡ್‌ಮಾಸ್ತರು ಒಂದನೇ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದಾರೆ. ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕುರ್ಚಿಯ ಪಕ್ಕದಲ್ಲಿ, ಗುಂಡಿ ಸರಿಯಾಗಿ ಒತ್ತುತ್ತಾರೋ ಇಲ್ಲವೋ ಎಂದು ಬಾಗಿದ್ದ ಭಾವ ಚಿತ್ರದೊಳಗೆ ಬರಲೇ ಇಲ್ಲ. ಅಂಚಿನಲ್ಲಿ ಅವರದೊಂದು ಕಿವಿ ಮಾತ್ರ ಮಸುಕಾಗಿ ಉಳಿದಿದೆ.

ಟೀಚರಮ್ಮ ತಮ್ಮ ಮನೆಯಲ್ಲಿ ಅದನ್ನು ದೊಡ್ಡದು ಮಾಡಿಸಿ ಹಾಕಿಸಿಕೊಂಡಿದ್ದಾರೆ. ಭಾವ ಹೊಸಬರನ್ನು ಕಂಡರೆ ಸಾಕು, ಕೈಹಿಡಿದು ಅಲ್ಲಿಗೆ ಕರೆದೊಯ್ಯುತ್ತಾರೆ. ಆ ಕಿವಿಯ ಮೇಲೆ ಬೆರಳಿಟ್ಟು, ಇಷ್ಟಾದರೂ ಸಿಕ್ಕಿತಲ್ಲ ಎಂಬ ಬೆರಗಿನಿಂದ, “ಇದು ನಾನು,” ಅನ್ನುತ್ತಾರೆ.